ಕಾಲುವೆಯ ಮೇಲಿನ ಚಪ್ಪಡಿ

ಗಿರಿಜಾ, ಆ ದಿನ ಗುಡಿ ಸರ್ಕಲ್ಲಿನಲ್ಲಿ ನೀನು ಬಿದ್ದದ್ದು ನಿನ್ನ ತಪ್ಪಿನಿಂದಲ್ಲ. ನಾನು ಹೇಳಿದ ಸುಳ್ಳಿನಿಂದ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತು, ನಾನು ಹಾಗೆ ಹೇಳಲೇ ಇಲ್ಲವೆಂದು ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದರಿಂದ ನಿನ್ನ ಕೈ ಮುರಿಯಿತು. ಎರಡನೆಯದರಿಂದ ಮುರಿದದ್ದು ಅದಕ್ಕಿಂತ ದೊಡ್ಡದು, ಅದಕ್ಕೆ ಪಟ್ಟಿ ಕಟ್ಟುವವರು ಯಾರೂ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನೀನು ಓದಿದ ಮೇಲೆ ಇದನ್ನು ನಿನ್ನ ಮಗಳು ಶೋಭಾಳಿಗೂ ಕೊಡಬೇಕು. ಆಗ ಅವಳು ಆರು ತಿಂಗಳ ಕೂಸು, ನನ್ನ ತೊಡೆಯ ಮೇಲಿದ್ದಳು. ನಾನು ಕುರುಗೋಡಿನಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆಮೇಲೆ ಬರೆದದ್ದೆಲ್ಲ ಅಗಸನ ಲೆಕ್ಕ, ತವರಿಗೆ ನಾಲ್ಕು ಸಾಲು. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನೀನೇ ತಿದ್ದಿಕೋ, ಟೀಚರು ಆಗಬೇಕಿದ್ದವಳು ನೀನು.

ಬಳ್ಳಾರಿಯ ನಮ್ಮ ಓಣಿಯ ತುದಿಯಲ್ಲಿ ನಾಲ್ಕು ರಸ್ತೆ ಕೂಡುತ್ತವೆ. ನಡುವೆ ಮೊದಲಿನಿಂದಲೂ ಒಂದು ಸಣ್ಣ ಈಶ್ವರನ ಗುಡಿ. ರಸ್ತೆ ಅಗಲ ಮಾಡಲು ಬಂದವರು ಗುಡಿ ಮುಟ್ಟಲು ಹೆದರಿ, ಸುತ್ತಲೂ ಕಟ್ಟೆ ಕಟ್ಟಿ, ಅದನ್ನೇ ಸರ್ಕಲ್ ಮಾಡಿಬಿಟ್ಟರು. ಅಲ್ಲಿಯವರೆಗೆ ಜನ ತಮಗೆ ಬೇಕಾದ ಕಡೆ ನೆಟ್ಟಗೆ ಹೊರಳುತ್ತಿದ್ದರು. ಈಗ ಪೊಲೀಸಿನವನೊಬ್ಬ ನಿಂತು, ಗುಡಿಯನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿಯೇ ಹೋಗಬೇಕೆಂದು ಸೀಟಿ ಊದತೊಡಗಿದ.

ತಮಾಷೆ ಏನು ಅಂತೀ! ಸಿರುಗುಪ್ಪ ಕಡೆಯಿಂದ ಫಟಫಟಿ ಮೇಲೆ ಬಂದವರಿಗೆ ಹೊರಗೆ ಬರುವ ದಾರಿಯೇ ಸಿಗುತ್ತಿರಲಿಲ್ಲ. ಒಬ್ಬ ಧೋತರದ ಗೌಡರು ಮೂರು ಸುತ್ತು ಹಾಕಿ, ನಾಲ್ಕನೆಯದಕ್ಕೆ ಗಾಡಿ ನಿಲ್ಲಿಸಿ, ಇಳಿದು, ಗುಡಿಗೆ ಕೈಮುಗಿದು, ಬಂದ ರಸ್ತೆಯಲ್ಲೇ ವಾಪಸ್ ಹೋದರು. ಲಾರಿಯವರು ನಡುವೆ ನಿಲ್ಲಿಸಿ ತೆಲುಗಿನಲ್ಲಿ ದಾರಿ ಕೇಳುವರು. ನನ್ನ ಗಂಡನ ರಿಪೇರಿ ಅಂಗಡಿಗೆ ದಿನಕ್ಕೆರಡು ಸೊಟ್ಟ ಮಡ್‌ಗಾರ್ಡು ಬರುತ್ತಿದ್ದವು. "ಸರ್ಕಲ್ ನಮ್ಮ ಮನೀ ದೇವರಾತು" ಎಂದು ಅವರು ನಗುತ್ತಿದ್ದರು.

ಆದರೆ ಎತ್ತಿನ ಬಂಡಿಯವರದು ಬೇರೆಯೇ ಪೇಚು. ಅಭಿಷೇಕದ ನೀರು ಗೋಮುಖದಿಂದ ಇಳಿದು, ಗುಡಿಯ ಬಡಗಣ ಬದಿಯಿಂದ ಒಂದು ಕಲ್ಲುಕಾಲುವೆಯಲ್ಲಿ ರಸ್ತೆ ಸೀಳಿಕೊಂಡು ಗಟಾರಕ್ಕೆ ಹೋಗುತ್ತಿತ್ತು. ಶಿವನ ಗುಡಿಯಲ್ಲಿ ಪೂರ್ತಿ ಸುತ್ತು ಹಾಕುವಂತಿಲ್ಲ. ಕಾಲುವೆಯವರೆಗೆ ಹೋಗಬೇಕು, ದಾಟಬಾರದು, ಬಂದ ದಾರಿಯಲ್ಲೇ ತಿರುಗಿ ಬರಬೇಕು. ಕುರುಗೋಡಿನಲ್ಲಿ ನಮ್ಮಜ್ಜಿ ನನಗೆ ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸಿದ್ದಳು. ಬಾದನಹಟ್ಟಿಯಿಂದ, ರೂಪನಗುಡಿಯಿಂದ ಹತ್ತಿ ಹೇರಿಕೊಂಡು ಬಂದ ಬಂಡಿಯವರು ಪೊಲೀಸಿನವನ ಮಾತಿಗೆ ಎಡಕ್ಕೆ ಹೊರಟು, ಕಾಲುವೆ ಬಂದೊಡನೆ ಶಿವನ ಮಾತಿಗೆ ನಿಂತು, ಬಂಡಿ ತಿರುಗಿಸಿ, ಎದುರು ಬರುವವರ ಮೇಲೆ ನುಗ್ಗುತ್ತಿದ್ದರು. ಫಟಫಟಿಯವರು ಬೈಯುವರು, ಬಂಡಿಯವರು "ಪಾಪ ನಿಮ್ಮಪ್ಪ ಹೊರ್ತಾನೇನು?" ಎಂದು ತಿರುಗಿ ಬೈಯುವರು. ಪೊಲೀಸಿನವನೂ ಶಿವಭಕ್ತನೇ, ಸೀಟಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಇದನ್ನೆಲ್ಲ ನಾವಿಬ್ಬರೂ ಮಾಳಿಗೆಯ ಮೇಲೆ ನಿಂತು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆಗ ನಿನಗೆ ಏಳು ತಿಂಗಳು.

ನೀನು ಬಾಣಂತನಕ್ಕೆ ಸಿರುಗುಪ್ಪಕ್ಕೆ ಹೋದ ಮೇಲೆ ಅದು ಬಗೆಹರಿಯಿತು. ಗುಡಿಯ ಮುದಿ ಅಯ್ಯನವರು, ಕಾಲುವೆಯ ಮೇಲೆ ಮುಚ್ಚಿದರೆ ದಾಟಬಹುದು, ದೋಷವಿಲ್ಲ ಎಂದರು. ಒಂದು ಬೆಳಿಗ್ಗೆ ದೊಡ್ಡ ಕಲ್ಲುಚಪ್ಪಡಿಗಳನ್ನು ತಂದು ಕಾಲುವೆಯ ಉದ್ದಕ್ಕೂ ಹೊದಿಸಿದರು. ಓಣಿಯ ಹೆಂಗಸರೆಲ್ಲ ಹೋಗಿ ಚಪ್ಪಡಿಗೆ ಅರಿಶಿನ ಕುಂಕುಮ ಹಚ್ಚಿದೆವು. ನಾನೂ ಹಚ್ಚಿದೆ, ಈ ಕೈಯಿಂದಲೇ. ಮೊದಲ ಬಂಡಿ ದಾಟಿದಾಗ ನಿಂತವರು ಚಪ್ಪಾಳೆ ಹೊಡೆದರು. ಅಂದಿನಿಂದ ಎಲ್ಲರೂ ಪೂರ್ತಿ ಸುತ್ತುತ್ತಿದ್ದರು. ಇದು ನನಗೆ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ. ನಾನು ಮಾಡಿದ್ದೆಲ್ಲ ಇಷ್ಟರೊಳಗೇ ಇದೆ.

ನೀನು ಕೂಸಿನೊಂದಿಗೆ ವಾಪಸ್ ಬಂದ ವಾರದಲ್ಲೇ ರೂಪನಗುಡಿಯ ಸಾಲೆಗೆ ಟೀಚರೆಂದು ನಿನಗೆ ಆರ್ಡರು ಬಂತು. ನಮ್ಮ ಮನೆತನದಲ್ಲಿ ಹೆಣ್ಣಿಗೆ ಸರ್ಕಾರದ ಲಕೋಟೆ ಬಂದದ್ದು ಅದೇ ಮೊದಲು. ಅತ್ತೆ ಅದನ್ನು ದೇವರ ಜಗುಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಿದರು. ನಾನು ಆ ಜಗುಲಿಯನ್ನು ದಿನಾ ಒರೆಸುತ್ತಿದ್ದೆ, ಹನ್ನೊಂದು ವರ್ಷದಿಂದ. ನನ್ನದೇನೂ ಅದರ ಮೇಲೆ ಕೂತಿರಲಿಲ್ಲ.

ಬೆಳಗಿನ ಬಸ್ಸು ಒಂದು ದಿನ ಬಂದರೆ ಎರಡು ದಿನ ಇಲ್ಲ. ಅದಕ್ಕೇ ನಿನ್ನ ಗಂಡ ಬಸವರಾಜ ನಿನಗೊಂದು ಹಳೆಯ ಮೊಪೆಡ್ ಕೊಂಡ. ಅವನು ವಾರವೆಲ್ಲ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತೆ, ಶನಿವಾರಕ್ಕೊಮ್ಮೆ ಮನೆ. ಕಲಿಸುವವರು ಯಾರು? ನನ್ನ ಗಂಡ.

ಇಲ್ಲಿ ಬರೆಯಲು ಕೈ ತಡೆಯುತ್ತಿದೆ, ಆದರೂ ಬರೆಯುತ್ತೇನೆ. ನಿಮ್ಮ ಭಾವನವರ ಮೇಲೆ, ನಿನ್ನ ಮೇಲೆ, ನಾನು ಕೆಟ್ಟ ಅನುಮಾನ ಪಟ್ಟವಳಲ್ಲ. ಹಾಗಿದ್ದಿದ್ದರೆ ಎಷ್ಟೋ ಸುಲಭವಿತ್ತು, ಜಗಳವಾಡಿ ಮುಗಿಸಬಹುದಿತ್ತು. ನನ್ನ ಹೊಟ್ಟೆಕಿಚ್ಚು ಬೇರೆ. ಮದುವೆಯಾದ ಹೊಸದರಲ್ಲಿ ಕುರುಗೋಡಿನಿಂದ ಅವರ ಫಟಫಟಿಯ ಹಿಂದೆ ಕೂತು ಬರುವಾಗ, ಖಾಲಿ ರಸ್ತೆ ನೋಡಿ, "ನಂಗೂ ಕಲಸ್ರಿ" ಎಂದಿದ್ದೆ. ಅವರು ಗಾಡಿ ನಿಲ್ಲಿಸಿ ತುಂಬ ಹೊತ್ತು ನಕ್ಕರು. "ನೀ ರೊಟ್ಟಿ ಬಡಿ, ಅಷ್ಟಾದ್ರ ಸಾಕು" ಎಂದರು. ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ನಾನೂ ನಕ್ಕೆ. ಮನೆಗೆ ಬಂದು ರೊಟ್ಟಿ ಬಡಿದೆ. ಹನ್ನೊಂದು ವರ್ಷ ಬಡಿದೆ.

ಈಗ ಅದೇ ಮನುಷ್ಯ ಸಂಜೆ ಅಂಗಡಿ ಬೇಗ ಮುಚ್ಚಿ, ಮೈದಾನದಲ್ಲಿ ಸೀಮೆಎಣ್ಣೆ ಡಬ್ಬಿಯೊಂದನ್ನು ನಡುವೆ ಇಟ್ಟು, ನಿನ್ನ ಮೊಪೆಡ್ಡಿನ ಹಿಂಬದಿ ಹಿಡಿದುಕೊಂಡು ಓಡುತ್ತಿದ್ದರು. ಏದುಸಿರು ಬಿಡುತ್ತ, "ಹಂಗಽ ಗಿರಿಜವ್ವಾ, ಹಂಗಽ! ಡಬ್ಬಿ ಬಲಕ್ಕಿರ್ಲಿ!" ಎಂದು ಕೂಗುತ್ತಿದ್ದರು. ನಾನು ಶೋಭಾಳನ್ನು ಸೊಂಟದ ಮೇಲೆ ಹೊತ್ತು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಒಂದು ದಿನ ನಿನಗೆ ಗೊತ್ತಿಲ್ಲದಂತೆ ಅವರು ಕೈ ಬಿಟ್ಟರು. ನೀನು ಒಬ್ಬಳೇ ಡಬ್ಬಿಯನ್ನು ಸುತ್ತಿ ಬಂದೆ. ಬಂದವಳು ಜೋರಾಗಿ ನಕ್ಕೆ, ತಲೆ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದಂತೆ. ಅವರು ಚಪ್ಪಾಳೆ ಹೊಡೆದರು. ಕೂಸು ಕೂಡ ನಿನ್ನ ನಗು ಕೇಳಿ ನನ್ನ ಸೊಂಟದ ಮೇಲೆ ಕುಣಿಯಿತು.

ಆಗ ನನ್ನ ಹೊಟ್ಟೆಯಲ್ಲಿ ಹತ್ತಿಕೊಂಡದ್ದನ್ನು ಏನೆಂದು ಹೇಳಲಿ? ನಿನ್ನ ಸೆರಗಿನ ಮೇಲೆ, ನಿನ್ನ ನಗುವಿನ ಮೇಲೆ, ಆ ಕೆಟ್ಟ ಡಬ್ಬಿಯ ಮೇಲೆ ಕೂಡ ಹೊಟ್ಟೆಕಿಚ್ಚು. ರಾತ್ರಿ ಊಟಕ್ಕೆ ಕೂತರೆ ಅತ್ತೆ ನಿನ್ನದೇ ಮಾತು, ಅವರು ನಿನ್ನದೇ ಮಾತು. "ಆಕಿಗೆ ಒಂದ್ಸಲ ಹೇಳಿದ್ರ ಸಾಕು, ಮತ್ತೊಮ್ಮಿ ಹೇಳೋದು ಬ್ಯಾಡ" ಎನ್ನುತ್ತಿದ್ದರು. ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದೆ. ಯಾರೂ ಏನೆಂದು ಕೇಳಲಿಲ್ಲ. ನೀನು ಮಾತ್ರ ಕೇಳಿದೆ: "ಅಕ್ಕಾ, ಕೈ ನೋಯ್ತಾವೇನ್ರಿ, ಕೊಡ್ರಿ ನಾ ಬಡೀತೀನಿ." ನೀನು ಬಡಿದ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಆಗುತ್ತಿತ್ತು. ಅದನ್ನೂ ಮರೆತಿಲ್ಲ ನಾನು.

ಲೈಸೆನ್ಸಿನ ಪರೀಕ್ಷೆಗೆ ದಿನ ಗೊತ್ತಾಯಿತು. ಅದರ ಕಚೇರಿ ಗುಡಿ ಸರ್ಕಲ್ಲಿನಾಚೆ, ಮೂಡಣ ರಸ್ತೆಯಲ್ಲಿ. ಅವರು ಜೊತೆಗೆ ಬರುವವರಿದ್ದರು. ಆದರೆ ಬೆಳಿಗ್ಗೆ ಕುಡತಿನಿಯ ಹತ್ತಿರ ಲಾರಿಯೊಂದು ಕೆಟ್ಟು ನಿಂತಿದೆಯೆಂದು ಕರೆ ಬಂತು. ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಹೊಸ್ತಿಲ ಮೇಲೆ ನಿಂತು ನಿನಗೆ ಹೇಳಿದರು: "ಹೆದರಬ್ಯಾಡ. ಸರ್ಕಲ್ಲಿನ ದಾರಿ ನಿಮ್ಮಕ್ಕನ್ನ ಕೇಳು, ಆಕಿ ದಿನಾ ಗುಡಿಗೆ ಹೋಗ್ತಾಳ."

ಹನ್ನೊಂದು ವರ್ಷದಲ್ಲಿ ರಸ್ತೆಯ ಬಗ್ಗೆ ನನ್ನನ್ನು ಒಂದು ಮಾತು ಕೇಳು ಎಂದು ಅವರು ಹೇಳಿದ್ದು ಅದೊಂದೇ ಸಲ.

ನೀನು ಅಡುಗೆಮನೆಗೆ ಬಂದೆ. ತಿಳಿಹಸಿರು ಸೀರೆ, ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದೆ. ಊರಿಂದ ರಾತ್ರಿ ಬಂದಿಳಿದ ಮೇಲೆ ನೀನು ಆ ಕಡೆ ಹೋಗಿರಲೇ ಇಲ್ಲ, ಮಾಳಿಗೆಯನ್ನೂ ಹತ್ತಿರಲಿಲ್ಲ. ಬಾಣಂತಿ, ಮನೆ, ಮೈದಾನ ಇಷ್ಟೇ. ಕೇಳಿದೆ: "ಅಕ್ಕಾ, ಆ ಕಾಲುವಿ... ಈಗೂ ದಾಟಂಗಿಲ್ಲೇನ್ರಿ? ಬಂಡಿಯವರು ತಿರುಗ್ತಿದ್ರಲ್ಲ, ಗಾಡಿಗೂ ಹಂಗಽ ಏನು?"

ತವೆಯ ಮೇಲೆ ರೊಟ್ಟಿ ಇತ್ತು. ಅದನ್ನು ಮಗುಚಿ ಹಾಕುವಷ್ಟು ಹೊತ್ತು ನನಗೆ ಸಿಕ್ಕಿತು. ಆ ಹೊತ್ತಿನಲ್ಲಿ ಚಪ್ಪಡಿ ಕಣ್ಣಮುಂದೆ ಬಂತು, ಅದರ ಮೇಲೆ ನಾನು ಹಚ್ಚಿದ ಕುಂಕುಮ ಬಂತು. ಆಮೇಲೆ ಚಪ್ಪಾಳೆ ಬಂತು, ಮೈದಾನದ ಚಪ್ಪಾಳೆ. ರೊಟ್ಟಿ ಮಗುಚಿದೆ, ಹೇಳಿದೆ:

"ಹ್ಞೂಂ. ಕಾಲುವಿತನಕ ಹೋಗಿ ತಿರುಗು. ದಾಟಬ್ಯಾಡ."

ನೀನು ತಲೆಯಾಡಿಸಿದೆ. ಒಂದು ಸಲ ಹೇಳಿದ್ದು ನಿನಗೆ ಸಾಕು. ಬಗ್ಗಿ ನನ್ನ ಕಾಲು ಮುಟ್ಟಿದೆ. ಪರೀಕ್ಷೆಗೆ ಹೋಗುವವಳಲ್ಲವೇ, ಹಿರಿಯಳ ಕಾಲು ಮುಟ್ಟಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ನೀನು ಗಾಡಿ ತುಳಿಯುವವರೆಗೆ, ಓಣಿ ತಿರುಗುವವರೆಗೆ ಕೂಗಬಹುದಿತ್ತು. ನಾನು ಹಿಟ್ಟಿನ ಕೈ ತೊಳೆದುಕೊಂಡೆ.

ನಾನು ಬಯಸಿದ್ದು ಇಷ್ಟು: ಪೊಲೀಸಿನವನು ಸೀಟಿ ಊದಿ ಬೈಯಲಿ, ನಾಲ್ಕು ಜನ ನಗಲಿ, ನೀನು ಮುಖ ಸಣ್ಣದು ಮಾಡಿಕೊಂಡು ಬರಲಿ, ಊಟದ ಹೊತ್ತಿಗೆ ಒಂದು ದಿನವಾದರೂ ನಿನ್ನ ಮಾತು ಬಾರದಿರಲಿ. ಕೈ ಮುರಿಯಲಿ ಎಂದು ಬಯಸಿರಲಿಲ್ಲ — ಹೀಗೆ ಬರೆದು ನೋಡಿದರೆ ಇದೂ ಒಂದು ನೆಪವೇ. ಬಂಡಿ ತಿರುಗುವ ವೇಗ ಬೇರೆ, ಮೊಪೆಡ್ಡಿನದು ಬೇರೆ ಎಂದು ಮೆಕ್ಯಾನಿಕನ ಹೆಂಡತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೊಟ್ಟ ಮಡ್‌ಗಾರ್ಡುಗಳನ್ನು ದಿನಾ ನೋಡುತ್ತಿದ್ದೆ.

ನೀನು ಎಡಕ್ಕೆ ಹೊರಟೆಯಂತೆ, ಕಲಿಸಿದ ಹಾಗೆ ಕೈ ತೋರಿಸಿ, ಚೆಂದಾಗಿ. ಗೋಡೆಯ ಮೇಲೆ ಗೋಮುಖ ಕಂಡೊಡನೆ ಗಾಡಿ ತಿರುಗಿಸಿದೆಯಂತೆ. ಹಿಂದೆ ಬರುತ್ತಿದ್ದ ಫಟಫಟಿಯವನಿಗೆ ಬ್ರೇಕ್ ತುಳಿಯಲೂ ಹೊತ್ತು ಸಿಗಲಿಲ್ಲ. ಪಾಪ, ಅವನೇ ನಿನ್ನನ್ನು ಎತ್ತಿ ಜಟಕಾದಲ್ಲಿ ಕೂರಿಸಿದ್ದು. ಬಲಗೈ ಮೊಪೆಡ್ಡಿನ ಅಡಿಗೆ ಸಿಕ್ಕಿತ್ತು.

ಓಣಿಯವರು ಓಡಿ ಬಂದು ಹೇಳಿದಾಗ ನನಗೆ ಮೊದಲು ಅನಿಸಿದ್ದು ಹೆದರಿಕೆಯಲ್ಲ, ಗಿರಿಜಾ. ಇನ್ನು ಸಂಜೆ ಮೈದಾನಕ್ಕೆ ಹೋಗುವುದಿಲ್ಲ ಅನಿಸಿತು. ಒಂದು ಉಸಿರಿನಷ್ಟು ಹೊತ್ತು ಹಗುರವಾಯಿತು. ಆ ಒಂದು ಉಸಿರನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ದೇವರಿಗೂ ಹೇಳಿಲ್ಲ. ಆಮೇಲೆ ಎದೆ ಬಡಿದುಕೊಂಡು ಅಳುತ್ತ ಓಡಿದೆ. ಆ ಅಳುವೂ ಸುಳ್ಳಲ್ಲ.

ಆಸ್ಪತ್ರೆಯಲ್ಲಿ ನಿನ್ನ ತುಟಿ ಒಣಗಿತ್ತು. ಕೈಗೆ ಹಲಗೆ ಕಟ್ಟಿದ್ದರು. ನೀನು ಸಿಟ್ಟಿನಿಂದ ಕೇಳಲಿಲ್ಲ, ತಿಳಿಯಲಿಕ್ಕೆ ಕೇಳಿದೆ: "ಅಕ್ಕಾ, ಕಾಲುವಿತನಕ ಹೋಗಿ ತಿರುಗು ಅಂದಿದ್ರೆಲ್ಲ ನೀವು?"

ಕುಡತಿನಿಯಿಂದ ಅವರು ಇನ್ನೇನು ಬರುವವರಿದ್ದರು. ಬಾಗಿಲ ಕಡೆ ನೋಡಿದೆ. ಹೇಳಿದೆ: "ನಾ ಎಲ್ಲಿ ಅಂದೆನವ್ವಾ? ಈಗ ಚಪ್ಪಡಿ ಹಾಕ್ಯಾರ, ಪೂರ್ತಿ ಸುತ್ತಿ ಹೋಗು ಅಂದೆ. ನೀ ಪರೀಕ್ಷಾದ ಗಾಬರಿಯಾಗ ಇದ್ದಿ."

ನೀನು ನನ್ನ ಮುಖವನ್ನೇ ನೋಡಿದೆ. ಎಷ್ಟು ಹೊತ್ತು ನೋಡಿದೆ! ನಿನ್ನ ಕಣ್ಣಿನಲ್ಲಿ ಎರಡು ಮಾತು ಒಂದಕ್ಕೊಂದು ಎದುರಾಗಿ ನಿಂತದ್ದು ನನಗೆ ಕಂಡಿತು. ಒಂದು ನೀನು ಕಿವಿಯಾರೆ ಕೇಳಿದ್ದು, ಇನ್ನೊಂದು ಅಕ್ಕ ಸುಳ್ಳು ಹೇಳುವುದಿಲ್ಲ ಎನ್ನುವುದು. ನೀನು ನಿನ್ನ ಕಿವಿಯನ್ನು ಬಿಟ್ಟುಕೊಟ್ಟೆ, ನನ್ನನ್ನು ಇಟ್ಟುಕೊಂಡೆ. "ಹಂಗೇನ್ರಿ... ಹಂಗಽ ಇರಬೇಕು" ಎಂದೆ. ಅವರು ಬಂದು ತಲೆ ಚಚ್ಚಿಕೊಂಡಾಗ ನೀನೇ ಹೇಳಿದೆ: "ಅಕ್ಕ ಬರೋಬರಿ ಹೇಳಿದ್ರಿ ಭಾವಾ. ನಂದಽ ತಪ್ಪು."

ಕೈ ಕೂಡಿಕೊಂಡಿತು, ಸೊಟ್ಟಗೆ. ಕೆಲಸಕ್ಕೆ ಹಾಜರಾಗುವ ಗಡುವು ಮುಗಿಯಿತು. ಬಸವರಾಜ ಮೊಪೆಡ್ಡನ್ನು ಸಿರುಗುಪ್ಪಕ್ಕೆ ಒಯ್ದು ತಾನೇ ಓಡಿಸತೊಡಗಿದ. ಲಕೋಟೆ ಜಗುಲಿಯಿಂದ ಪೆಟ್ಟಿಗೆಗೆ ಹೋಯಿತು. ನೀನು ಅಡುಗೆಮನೆಗೆ ಬಂದೆ, ನನ್ನ ಮಗ್ಗುಲಿಗೆ. ನಾನು ಬಯಸಿದ್ದೂ ಅದೇ ಅಲ್ಲವೇ? ಅಂಗೈ ತಿರುಗದ ಕೈಯಿಂದ ನೀನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ನಾನು ನಿನ್ನ ಕೈಯಿಂದ ಹಿಟ್ಟು ಕಸಿದುಕೊಂಡು ನಿನ್ನ ಪಾಲಿನದನ್ನೂ ಬಡಿಯತೊಡಗಿದೆ. ಇವತ್ತಿಗೂ ಬಡಿಯುತ್ತಿದ್ದೇನೆ. ಓಣಿಯ ಹೆಂಗಸರು, "ನೆಗೆಣ್ಣಿ ಅಂದ್ರ ಹಿಂಗಿರಬೇಕು" ಎಂದು ನನ್ನನ್ನು ತೋರಿಸಿ ತಮ್ಮ ಸೊಸೆಯರಿಗೆ ಬುದ್ಧಿ ಹೇಳಿದ್ದಾರೆ. ನಾನು ಬೇಡ ಎನ್ನಲಿಲ್ಲ. ಹೊಗಳಿಕೆಗೆ ಹನ್ನೊಂದು ವರ್ಷ ಕಾದವಳು, ಅದನ್ನೂ ತಿಂದೆ.

ಆದರೆ ಕೈಯದು ದೊಡ್ಡ ಮಾತಲ್ಲ. ಅಂದಿನಿಂದ ನೀನು ಯಾರು ಏನು ಹೇಳಿದರೂ ಅದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತೀ. "ಎರಡು ಚಮಚ ಉಪ್ಪು ಅಂದ್ರೆಲ್ಲ ಅಕ್ಕಾ?" "ಮಂಗಳವಾರ ಅಂದ್ರೆಲ್ಲ?" "ನೀಲಿ ಚೀಲ ಅಂದ್ರೆಲ್ಲ, ಹೌದಲ್ರಿ?" ಅಂಗಡಿಯವನು ಬೇಸರಪಡುತ್ತಾನೆ, ಬಸವರಾಜ ಗದರುತ್ತಾನೆ, ಶೋಭಾ ನಗುತ್ತಾಳೆ. ಹುಟ್ಟುಗುಣ ಎಂದುಕೊಂಡಿದ್ದಾರೆ ಎಲ್ಲರೂ. ಒಂದು ಸಲ ಹೇಳಿದರೆ ಸಾಕಾಗುತ್ತಿದ್ದ ಗಿರಿಜಾ ಎಲ್ಲಿ ಹೋದಳೆಂದು ನನಗೊಬ್ಬಳಿಗೇ ಗೊತ್ತು. ನೀನು ಪ್ರತಿ ಸಲ "ಅಂದ್ರೆಲ್ಲ ಅಕ್ಕಾ?" ಎಂದಾಗಲೂ ನಾನು ಆ ಮಂಚದ ಪಕ್ಕ ಕೂತಿರುತ್ತೇನೆ. ದಿನಕ್ಕೆ ಹತ್ತು ಸಲ, ಹದಿನೇಳು ವರ್ಷ.

ಅವರೂ ಸುಮ್ಮನಿಲ್ಲ. ಇವತ್ತಿಗೂ ಆಗಾಗ, "ಆವತ್ತು ಕುಡತಿನಿಗೆ ಹೋಗಬಾರದಿತ್ತು ನಾನು" ಎನ್ನುತ್ತಾರೆ. ನಾನು ತಾಟಿಗೆ ಸಾರು ಬಡಿಸುತ್ತೇನೆ.

ಬಾಯಿಗೆ ಬೀಗ ಹಾಕಿಕೊಂಡೇ ಮಣ್ಣಾಗಿ ಹೋಗುತ್ತಿದ್ದೆನೇನೋ. ಮೊನ್ನೆಯ ಮಾತು ಬಿಡಲಿಲ್ಲ. ಶೋಭಾ ಅಪ್ಪನ ಗಾಡಿ ಕಲಿಯುತ್ತೇನೆ, ಕಾಲೇಜಿಗೆ ಅದರಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ನೀನು ಕಾಳು ಆರಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಬ್ಯಾಡ. ನನ್ನ ಮಗಳು ನೀ. ಹೇಳಿದ್ದೊಂದು, ಮಾಡೋದೊಂದು, ಅಂಥಾ ತಲಿ ನಂದು. ನಿಂದೂ ಅದಽ ಇರ್ತೈತಿ." ಹುಡುಗಿ ನನ್ನ ಕಡೆ ತಿರುಗಿದಳು. "ದೊಡ್ಡವ್ವಾ, ನೀನಾರ ಹೇಳು" ಎಂದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಹಿತ್ತಲಿನಲ್ಲಿ ನಿಂತಾಗ ತಿಳಿಯಿತು. ನನ್ನ ಸುಳ್ಳು ನಿನ್ನಲ್ಲಿ ಮುಗಿಯಲಿಲ್ಲ, ಈಗ ಆ ಹುಡುಗಿಯ ಹಣೆಗೂ ಮೆತ್ತಿಕೊಳ್ಳಲು ಹೊರಟಿದೆ. ಆವತ್ತು ಓಣಿ ತಿರುಗುವವರೆಗೂ ನಿನ್ನನ್ನು ಕೂಗಿ ಕರೆಯಲಿಲ್ಲ. ಇವಳು ಇನ್ನೂ ಓಣಿ ತಿರುಗಿಲ್ಲ.

ಅದಕ್ಕೇ ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀ ಎಂದು ಗೊತ್ತು. ಅವರಿಗೂ ಬಸವರಾಜನಿಗೂ ನಾನೇ ಹೇಳುತ್ತೇನೆ, ಇವತ್ತೇ, ಊಟಕ್ಕೆ ಕೂರುವ ಮೊದಲು. ಅತ್ತೆ ಇಲ್ಲ, ಅವರಿಗೆ ಹೇಳುವ ಅವಕಾಶ ಕಳೆದುಕೊಂಡೆ. ಓಣಿಯವರಿಗೆ ಬೇಕಿದ್ದರೆ ನೀನು ಹೇಳು.

ಈ ಕಾಗದ ಓದಿ ಮುಗಿಸಿದ ಮೇಲೆ ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಎದ್ದು ಅಡುಗೆಮನೆಗೆ ಬರುತ್ತೀ. ನಾನು ಒಲೆಯ ಮುಂದೆ ಇರುತ್ತೇನೆ. ಬಾಗಿಲಲ್ಲಿ ನಿಂತು, ಸೊಟ್ಟ ಕೈಯಲ್ಲಿ ಕಾಗದ ಹಿಡಿದು, ನೀನು ಕೇಳುತ್ತೀ: "ಕಾಲುವಿತನಕ ಹೋಗಿ ತಿರುಗು ಅಂದಿದ್ರೆಲ್ಲ ಅಕ್ಕಾ?"

ಹೌದು ಗಿರಿಜಾ. ಅಂದಿದ್ದೆ. ನೀನು ಕೇಳಿದ್ದು ಸರಿ.